ಬಾಟಲಿ ಬೇಡ, ಬಿರಡೆ ಕೊಡಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಪಠ್ಯ)

 

ವರ್ಷದ ಕೊನೆ ಹತ್ತಿರ ಬಂತೆಂದರೆ ನಮಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹಾಡು ಕೇಳುವವರು ಕಡಿಮೆಯಾಗಿ ಸಲಹೆ ಕೇಳುವವರು ಹೆಚ್ಚಾಗುತ್ತಾರೆ. ಈ ಸಲ ಸೋದರಿಯೊಬ್ಬರು ಬರೆದಿದ್ದಾರೆ: “ನನ್ನ ಮೈದುನನ ಮನೆಯ ಗೃಹಪ್ರವೇಶ. ಅವನಿಗೆ ವೈನ್ ಎಂದರೆ ಇಷ್ಟ, ಅವನ ಗೆಳೆಯರಿಗೆ ಬಿಯರ್ ಇಷ್ಟ. ಅವನ ರುಚಿಗೆ ತಕ್ಕಂತೆ ಏನಾದರೂ ಸ್ಟೈಲಾಗಿರುವುದನ್ನು ಕೊಡಬೇಕು. ಆದರೆ ಅತ್ತೆ ಮಾವನ ಎದುರಿಗೆ ಬಾಟಲಿ ಕೊಡುವುದು ಹೇಗೆ?”

ಪ್ರಶ್ನೆ ಕೇಳಿದರೆ ನಗು ಬರುತ್ತದೆ, ಆದರೆ ತೊಡಕು ನಿಜವಾದದ್ದೇ. ರೇಡಿಯೋದಲ್ಲಿ ಕೂತವರಿಗೆ ಇನ್ನೊಂದು ತೊಡಕು. ಆಕಾಶವಾಣಿಯ ಜಾಹೀರಾತು ಸಂಹಿತೆ ಮದ್ಯದ ಜಾಹೀರಾತಿಗೆ ಅವಕಾಶ ಕೊಡುವುದಿಲ್ಲ. ಖಾಸಗಿ ಎಫ್‌ಎಂ ಕೇಂದ್ರಗಳಿಗೂ ಅದೇ ಕಟ್ಟುಪಾಡು. ಹಾಗಾಗಿ ಯಾವ ಬಾಟಲಿ ಚೆನ್ನಾಗಿದೆ ಎಂಬ ಮಾತು ಈ ಮೈಕಿನಿಂದ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಉಡುಗೊರೆಯಾಗಿ ಬಾಟಲಿ ಅಷ್ಟು ಒಳ್ಳೆಯದಲ್ಲ ಎಂಬುದೇ ನನ್ನ ಇಂದಿನ ಮಾತು. ಬಾಟಲಿ ಒಂದು ರಾತ್ರಿಗೆ ಮುಗಿಯುತ್ತದೆ. ಅದರ ಸುತ್ತ ಇರುವ ಸಾಮಾನು, ಅಂದರೆ ಬಿರಡೆ, ಟ್ರೇ, ಮಗ್ಗು, ಹೂಜಿ, ಮಸಾಲೆ ಡಬ್ಬಿ, ಇವು ಮನೆಯಲ್ಲಿ ಉಳಿಯುತ್ತವೆ. ನಾಳೆ ಆ ಮನೆಯವರು ಕುಡಿಯುವುದನ್ನು ಬಿಟ್ಟರೂ ಅವು ಕೆಲಸಕ್ಕೆ ಬರುತ್ತವೆ.

ಲೆಕ್ಕ ಹಾಕಿ ನೋಡಿ. ತೆಲಂಗಾಣದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಕರ್ನಾಟಕಕ್ಕೆ ಹೊರಟವರು ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡರೆ ಗಡಿಯಲ್ಲಿ ಅಬಕಾರಿಯವರ ಪ್ರಶ್ನೆಗೆ ಉತ್ತರ ಹೇಳಬೇಕು, ಪ್ರತಿ ರಾಜ್ಯದ ನಿಯಮವೂ ಬೇರೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ನಾವು ಕೊಡುವ ಮನುಷ್ಯ ಒಳಗೊಳಗೇ ಕುಡಿತ ಕಡಿಮೆ ಮಾಡಬೇಕೆಂದು ಹೆಣಗುತ್ತಿರಬಹುದು. ಅಂಥವರ ಕೈಗೆ ರಿಬ್ಬನ್ ಕಟ್ಟಿದ ಬಾಟಲಿ ಕೊಟ್ಟರೆ ಅದು ಉಡುಗೊರೆಯಲ್ಲ, ಪರೀಕ್ಷೆ.

ಪಾನದ ಪಾತ್ರೆಯನ್ನು ಚೆಂದ ಮಾಡುವುದು ಪಾರ್ಟಿ ಸಂಸ್ಕೃತಿಯವರು ತಂದ ಹೊಸ ಚಾಳಿ ಎಂದುಕೊಳ್ಳಬೇಡಿ. ನಮ್ಮ ಆದಿಕವಿ ಪಂಪ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಒಂದು ಪಾನಗೋಷ್ಠಿಯನ್ನೇ ವರ್ಣಿಸಿದ್ದಾನೆ. ಕಳ್ಳಿನ ಬಗೆಗಳನ್ನು ಹೇಳುವವನು ಕುಡಿಯುವ ಪಾತ್ರೆಗಳನ್ನೂ ಮರೆತಿಲ್ಲ. ಆ ಕಾವ್ಯ ಹುಟ್ಟಿದ್ದು ಎಲ್ಲಿ? ನಮ್ಮ ಹೈದರಾಬಾದಿನಿಂದ ಸುಮಾರು 150 ಕಿಲೋಮೀಟರ್ ದೂರದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ಕ್ರಿ.ಶ. 941ರ ಸುಮಾರಿಗೆ. ಬಿ.ಎ. ತರಗತಿಯಲ್ಲಿ ಈ ಭಾಗ ಬಂದಾಗ ಹುಡುಗರು ಮುಸಿಮುಸಿ ನಗುವುದು ವಾಡಿಕೆ. ಆದರೆ ಮಹಾಕಾವ್ಯಕ್ಕೆ ಬೇಕಾದ ಹದಿನೆಂಟು ವರ್ಣನೆಗಳಲ್ಲಿ ಪಾನಗೋಷ್ಠಿಯೂ ಒಂದು ಎಂದು ನಮ್ಮ ಹಿಂದಿನವರು ಲೆಕ್ಕಕ್ಕೆ ಹಿಡಿದಿದ್ದರು.

ಇನ್ನು ಉಡುಗೊರೆಯ ಮಾತಿಗೆ ಬರೋಣ. ಮೊದಲ ಸ್ಥಾನ ನಾನು ಕೊಡುವುದು ಬಿದರಿ ಸಾಮಾನಿಗೆ. ಹೈದರಾಬಾದಿನ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಕಲೆ ಇನ್ನೊಂದಿಲ್ಲ. ಬೀದರ್ ಇಲ್ಲಿಂದ ಸುಮಾರು 140 ಕಿಲೋಮೀಟರ್. 1956ರ ನವೆಂಬರ್ 1ರವರೆಗೆ ಬೀದರ್ ಮತ್ತು ಹೈದರಾಬಾದ್ ಒಂದೇ ರಾಜ್ಯದಲ್ಲಿದ್ದವು. ನಕಾಶೆಯಲ್ಲಿ ಗೆರೆ ಬಿತ್ತು, ಕಸುಬು ಮಾತ್ರ ಎರಡೂ ಕಡೆ ಉಳಿಯಿತು. ಬೀದರಿನ ಚೌಬಾರದ ಸುತ್ತಮುತ್ತಲ ಅಂಗಡಿಗಳಲ್ಲಿ ಸಿಗುವ ಸಾಮಾನು ನಮ್ಮ ಹಳೇ ಊರಿನಲ್ಲೂ ತಯಾರಾಗುತ್ತದೆ.

ಬಿದರಿ ಸಾಮಾನು ಆಗುವುದು ಹೀಗೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸುತ್ತಾರೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ರೂಢಿಯ ಲೆಕ್ಕ. ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಸುರಿಯುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಬರಿಗೈಯಲ್ಲಿ ಹೂಬಳ್ಳಿ ಬರೆಯುತ್ತಾರೆ. ಆಮೇಲೆ ಸಣ್ಣ ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ತಂತಿ ಕೂರಿಸುವ ಕೆಲಸಕ್ಕೆ ತಾರಕಶಿ ಎಂದು ಹೆಸರು, ತಗಡು ಕೂರಿಸುವುದಕ್ಕೆ ತೆಹನಿಶಾನ್ ಎಂದು ಹೆಸರು.

ಕೊನೆಯ ಹಂತವೇ ವಿಶೇಷ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ತಿಕ್ಕುತ್ತಾರೆ. ಸತುವಿನ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮೇಲೆ ಒಂದಿಷ್ಟು ಎಣ್ಣೆ ಒರೆಸಿದರೆ ಮುಗಿಯಿತು. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿರುವುದನ್ನು ನೋಡಿದವರಿಗೆ ಈ ರುಚಿ ಗುರುತು ಸಿಗುತ್ತದೆ. ಕಪ್ಪಿನ ಮೇಲೆ ಬಿಳಿ ಹೊಳೆಯುವುದು ಆ ಊರಿನ ಕಣ್ಣಿಗೆ ಹಿಡಿಸಿದ ಚೆಲುವು.

1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದರಿ ಸಾಮಾನು ಕಾಣಿಸಿಕೊಂಡಿತ್ತು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೀದರಿನ ಹಿರಿಯ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಹಳೆಯ ಕಾಲದ ಸುರಾಹಿ, ಹುಕ್ಕಾ ಬುಡ, ಪಾನ್‌ದಾನ್ ಎಲ್ಲವನ್ನೂ ಕಣ್ಣಾರೆ ನೋಡಬೇಕೆಂದರೆ ನಮ್ಮ ಸಾಲಾರ್‌ಜಂಗ್ ಮ್ಯೂಸಿಯಂಗೆ ಹೋಗಿ. ಶುಕ್ರವಾರ ರಜೆ ಎಂಬುದು ನೆನಪಿರಲಿ. ಕೊಳ್ಳುವ ಮೊದಲು ಒಂದು ಗಂಟೆ ಅಲ್ಲಿ ಕಳೆದರೆ ಕಣ್ಣು ತಾನೇ ಪಳಗುತ್ತದೆ, ಅಂಗಡಿಯವನು ತೋರಿಸಿದ್ದೆಲ್ಲ ಚೆಂದ ಅನಿಸುವುದಿಲ್ಲ.

ಈಗ ಒಂದು ಮುಖ್ಯವಾದ ಎಚ್ಚರಿಕೆ. ವೈನ್ ಪ್ರಿಯರಿಗೆ ಎಂದ ಕೂಡಲೇ ಬಿದರಿಯ ಬಟ್ಟಲು ಕೊಡೋಣ ಅನಿಸುತ್ತದೆ. ಬೇಡ. ವೈನ್ ಹುಳಿ ಪದಾರ್ಥ. ಬಿದರಿಯ ಮೈಯೆಲ್ಲ ಸತು. ಹುಳಿ ತಾಗಿದರೆ ಸತು ಕರಗಿ ಪಾನೀಯಕ್ಕೆ ಸೇರುತ್ತದೆ, ಹೊಟ್ಟೆ ತೊಳಸುತ್ತದೆ, ಪಾತ್ರೆಯ ಕಪ್ಪೂ ಹಾಳಾಗುತ್ತದೆ. ಶೋಕೇಸಿನಲ್ಲಿಡುವ ಬಟ್ಟಲಾದರೆ ಸರಿ, ಕುಡಿಯಲು ಕೊಡುವುದಾದರೆ ಒಳಗೆ ಸ್ಟೀಲಿನ ಬಟ್ಟಲು ಕೂರಿಸಿದ್ದನ್ನೇ ಕೇಳಿ. ಅದಕ್ಕಿಂತ ಒಳ್ಳೆಯದು ಪಾನೀಯ ತಾಗದ ಸಾಮಾನು. ಬಾಟಲಿಯ ಬಿರಡೆ ಮಾಡಿಸಿ, ಮೇಲಿನ ಗುಂಡು ಮಾತ್ರ ಬಿದರಿ, ಬಾಟಲಿಯ ಬಾಯೊಳಗೆ ಇಳಿಯುವ ಭಾಗ ಕಾರ್ಕ್ ಅಥವಾ ರಬ್ಬರ್. ಬಿಯರ್ ಪ್ರಿಯರಿಗೆ ಓಪನರ್‌ನ ಹಿಡಿಕೆ ಬಿದರಿಯದಾಗಲಿ. ಲೋಟದ ಕೆಳಗಿಡುವ ಕೋಸ್ಟರ್, ಸಣ್ಣ ಟ್ರೇ, ಗೋಡಂಬಿ ಹಾಕಿಡುವ ಮುಚ್ಚಳದ ಡಬ್ಬಿ, ಇವೂ ಆಗುತ್ತವೆ. ಗೋಡಂಬಿ ಡಬ್ಬಿಯೊಳಗೆ ಒಂದು ಗಾಜಿನ ಬಟ್ಟಲು ಇಟ್ಟರೆ ಉಪ್ಪು ಲೋಹಕ್ಕೆ ತಾಗುವುದಿಲ್ಲ.

ನಿಜವಾದ ಬಿದರಿಯನ್ನು ಗುರುತಿಸುವುದು ಹೇಗೆ ಎಂದು ಕೇಳುತ್ತೀರಿ. ಕೈಗೆ ತಗೊಳ್ಳಿ, ಗಾತ್ರಕ್ಕೆ ಮೀರಿದ ತೂಕ ಇರುತ್ತದೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಕಪ್ಪು ಬಣ್ಣದ ಹಾಗೆ ಏಳುವುದಿಲ್ಲ, ಏಕೆಂದರೆ ಅದು ಬಳಿದ ಬಣ್ಣವಲ್ಲ. ಒಂದೇ ಹೂವಿನ ಎರಡು ಎಸಳು ತದ್ರೂಪ ಒಂದೇ ಥರ ಇದ್ದರೆ ಅನುಮಾನಪಡಿ. ಕೈಯಲ್ಲಿ ಕೊರೆದದ್ದಕ್ಕೆ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಮನೆಗೆ ತಂದ ಮೇಲೆ ಹುಣಸೆಹಣ್ಣು, ನಿಂಬೆ, ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಬೇಡಿ, ಕಪ್ಪು ಹೋಗಿಬಿಡುತ್ತದೆ. ಮೆತ್ತನೆಯ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಈ ಮಾತನ್ನು ಒಂದು ಚೀಟಿಯಲ್ಲಿ ಬರೆದು ಉಡುಗೊರೆಯೊಳಗೆ ಇಡಿ. ಮನೆಗೆಲಸಕ್ಕೆ ಬರುವ ಅಕ್ಕ ಹಬ್ಬದ ಹಿಂದಿನ ದಿನ ಅಕ್ಕರೆಯಿಂದ ತಿಕ್ಕಿ ಬೆಳಗಿಬಿಟ್ಟರೆ ಅದು ಅವರ ತಪ್ಪಲ್ಲ, ಹೇಳದೆ ಇದ್ದವರ ತಪ್ಪು.

ಚೌಕಾಸಿಯ ಬಗ್ಗೆ ಒಂದು ಮಾತು. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದೂವರೆ ಲಕ್ಷ ರೂಪಾಯಿ ದಾಟಿತು. ಸಾಮಾನು ಮಾರಾಟವಾಗುವ ಮೊದಲೇ ಬೆಳ್ಳಿಗೆ ದುಡ್ಡು ಹಾಕಬೇಕು, ಮಾರಾಟವಾಗದಿದ್ದರೆ ಆ ದುಡ್ಡು ಕಪಾಟಿನಲ್ಲಿ ಕೂರುತ್ತದೆ. ಬೆಳ್ಳಿಯ ಬೆಲೆಯನ್ನು ಯಾರೂ ಇಳಿಸಲಾರರು, ಹಾಗಾಗಿ ನಾವು ಜಗ್ಗಾಡಿ ಇಳಿಸುವ ನೂರು ಇನ್ನೂರು ರೂಪಾಯಿ ಕುಶಲಕರ್ಮಿಯ ಕೂಲಿಯಿಂದಲೇ ಹೋಗುತ್ತದೆ. ಬಜೆಟ್ ಚಿಕ್ಕದಿದ್ದರೆ ದೊಡ್ಡ ಸಾಮಾನಿಗೆ ಚೌಕಾಸಿ ಮಾಡುವ ಬದಲು ಚಿಕ್ಕ ಸಾಮಾನನ್ನು ಪೂರ್ತಿ ಬೆಲೆಗೆ ಕೊಳ್ಳಿ. ಕೈಕೆಲಸಕ್ಕೆ ಸಮಯ ಬೇಕು, ಡಿಸೆಂಬರ್ 30ಕ್ಕೆ ಹೋಗಿ 31ಕ್ಕೆ ಬೇಕು ಎನ್ನಬೇಡಿ.

ಎರಡನೆಯದು ತಾಮ್ರದ ಮಗ್ಗು. ಕಾಕ್‌ಟೇಲ್ ಪ್ರಿಯರ ಮನೆಗಳಲ್ಲಿ ಇದು ಈಗ ಬಹಳ ಕಾಣುತ್ತದೆ. ಇದರ ಕಥೆ 1940ರ ದಶಕದ ಅಮೆರಿಕದ್ದು. ವೋಡ್ಕಾ, ಶುಂಠಿಯ ಪಾನೀಯ, ನಿಂಬೆರಸ ಬೆರೆಸಿ ತಾಮ್ರದ ಮಗ್ಗಿನಲ್ಲಿ ಕೊಡುವ ಮಾಸ್ಕೋ ಮ್ಯೂಲ್ ಎಂಬ ಕಾಕ್‌ಟೇಲ್ ಅಲ್ಲಿ ಜನಪ್ರಿಯವಾಯಿತು. ತಾಮ್ರ ಬೇಗ ತಣ್ಣಗಾಗುತ್ತದೆ, ಹೊರಗೆ ಹನಿಗಟ್ಟುತ್ತದೆ, ನೋಡಲು ಚೆಂದ. ಆದರೆ ನಿಂಬೆಹುಳಿ ತಾಮ್ರವನ್ನೂ ಕರಗಿಸುತ್ತದೆ. ಅಮೆರಿಕದ ಆಹಾರ ಸುರಕ್ಷತಾ ಸಂಹಿತೆ ಹುಳಿ ಪದಾರ್ಥಕ್ಕೆ ಬರೀ ತಾಮ್ರ ತಾಗಬಾರದು ಎಂದೇ ಹೇಳುತ್ತದೆ.

ಇದನ್ನು ತಿಳಿಯಲು ನಮಗೆ ಅಮೆರಿಕದವರು ಬೇಕಿಲ್ಲ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಸಾರು ಮಾಡಿದರೆ ಏನಾಗುತ್ತದೆ ಎಂದು ನಮ್ಮ ಅಜ್ಜಿಯನ್ನು ಕೇಳಿದ್ದರೆ ಹೇಳುತ್ತಿದ್ದರು. ಮೊಸರು, ಹುಣಸೆ, ಉಪ್ಪಿನಕಾಯಿ ಯಾವುದೂ ಬರಿ ತಾಮ್ರ, ಹಿತ್ತಾಳೆಗೆ ತಾಗಬಾರದು. ಅದಕ್ಕಾಗಿಯೇ ಬೀದಿಯಲ್ಲಿ ತಿದಿ ಹಾಕಿ ಕೂತು ತವರ ಬಳಿಯುವ ಕಲಾಯಿಗಾರರಿದ್ದರು. ಬಿದರಿಗೆ ಹಾಕುವ ನವಸಾಗರವೇ ಕಲಾಯಿಗೂ ಬೇಕು ಎಂಬುದು ನೋಡಿ ಒಂದು ಸ್ವಾರಸ್ಯ. ಮಗ್ಗು ಕೊಳ್ಳುವಾಗ ಒಳಗೆ ಕಣ್ಣು ಹಾಯಿಸಿ. ಒಳಮೈ ಬೆಳ್ಳಗೆ, ಅಂದರೆ ಕಲಾಯಿಯದ್ದೋ ಸ್ಟೀಲಿನದ್ದೋ ಆಗಿದ್ದರೆ ಕೊಳ್ಳಿ. ಒಳಗೂ ಕೆಂಪಗೆ ಹೊಳೆಯುತ್ತಿದ್ದರೆ ಅದು ನೀರು ಕುಡಿಯಲು ಮಾತ್ರ. ಇನ್ನೂ ಚೆಂದದ ಉಪಾಯ ಹೇಳಲೇ? ಅಟ್ಟದ ಮೇಲಿರುವ ಅಜ್ಜಿಯ ಕಾಲದ ಹಿತ್ತಾಳೆ ಲೋಟಗಳನ್ನು ಇಳಿಸಿ, ಹೊಸದಾಗಿ ಕಲಾಯಿ ಹಾಕಿಸಿ ಕೊಡಿ. ಅಂಥ ಉಡುಗೊರೆ ಯಾವ ಮಾಲ್‌ನಲ್ಲೂ ಸಿಗುವುದಿಲ್ಲ.

ಮೂರನೆಯದು ಚನ್ನಪಟ್ಟಣದ ಮರದ ಸಾಮಾನು. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಕೆಂಪು, ಹಳದಿ, ಹಸಿರಿನ ಕೋಸ್ಟರ್ ಸೆಟ್ಟು ಮೇಜಿನ ಮೇಲೆ ಇಟ್ಟರೆ ಮಕ್ಕಳಿಂದ ಹಿಡಿದು ಅಜ್ಜನವರೆಗೆ ಎಲ್ಲರೂ ಕೈಗೆತ್ತಿಕೊಳ್ಳುತ್ತಾರೆ. ತಣ್ಣನೆ ಬಿಯರ್ ಲೋಟದಿಂದ ಇಳಿಯುವ ನೀರಿನಲ್ಲಿ ಅರಗು ಕರಗುವುದಿಲ್ಲ. ಆದರೆ ಸ್ಪಿರಿಟ್‌ಗೆ ಹೆದರುತ್ತದೆ. ಮರಗೆಲಸದವರು ಅರಗಿನ ಪಾಲಿಶ್ ಮಾಡುವುದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ. ವಿಸ್ಕಿಯೋ ರಮ್ಮೋ ಚೆಲ್ಲಿದರೆ ಕೂಡಲೇ ಒರೆಸಬೇಕು. ಅರಗು ಬಳಿದ ಕಡ್ಡಿಯನ್ನು ಕಾಕ್‌ಟೇಲ್ ಕಲಕಲು ಕೊಡಲೇಬೇಡಿ, ಬಣ್ಣವೂ ಲೋಟಕ್ಕೆ ಇಳಿದೀತು. ಬಿಸಿ ಪಾತ್ರೆಯನ್ನೂ ಅದರ ಮೇಲೆ ಇಡಬಾರದು.

ನಾಲ್ಕನೆಯದಕ್ಕೆ ಹೆಚ್ಚು ದುಡ್ಡು ಬೇಡ. ಮಣ್ಣಿನದು. ವೈನ್ ಬಾಟಲಿಯನ್ನು ತಣ್ಣಗಿಡಲು ವಿದೇಶದಲ್ಲಿ ಮಣ್ಣಿನ ಕೊಳವೆಯಂಥ ಪಾತ್ರೆ ಮಾರುತ್ತಾರೆ. ನಮ್ಮ ಹೂಜಿ ಮಾಡುವ ಕುಂಬಾರರಿಗೆ ಅಳತೆ ಹೇಳಿದರೆ ಅದನ್ನೇ ತಿರುಗಿಸಿ ಕೊಡುತ್ತಾರೆ. ಬಾಟಲಿ ಇಳಿಯುವಷ್ಟು ಅಗಲ, ಅದರ ಭುಜದವರೆಗೆ ಎತ್ತರ, ಬಣ್ಣವಾಗಲಿ ಪಾಲಿಶ್ ಆಗಲಿ ಬೇಡ ಎಂದು ಹೇಳಿ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಅದರೊಳಗೆ ಇಡಬೇಕು. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಾ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಹೂಜಿಯ ನೀರು ತಣ್ಣಗಿರುವುದೂ ಇದೇ ಲೆಕ್ಕದಲ್ಲಿ. ಏಪ್ರಿಲ್, ಮೇ ತಿಂಗಳ ಹೈದರಾಬಾದಿನ ಒಣ ಸೆಕೆಗೆ ಇದು ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಗಾಳಿ ತೇವವಾಗಿರುವುದರಿಂದ ಅಷ್ಟು ಕೆಲಸ ಮಾಡುವುದಿಲ್ಲ. ಆಗ ಅದರಲ್ಲಿ ಒಂದು ಗೊಂಚಲು ಹೂ ಇಟ್ಟರಾಯಿತು.

ಐದನೆಯದು ನನ್ನ ಮೆಚ್ಚಿನದು. ಕಾಕ್‌ಟೇಲ್ ಬೆರೆಸುವ ಹುಚ್ಚಿರುವವರಿಗೆ ನಮ್ಮ ಒಗ್ಗರಣೆ ಡಬ್ಬಿ ಕೊಡಿ. ಹೌದು, ಅದೇ ಸ್ಟೀಲಿನ ದುಂಡು ಡಬ್ಬಿ, ಒಳಗೆ ಏಳು ಬಟ್ಟಲು. ಸಾಸಿವೆ, ಜೀರಿಗೆಯ ಬದಲು ಅದನ್ನು ಹೀಗೆ ತುಂಬಿಸಿ. ಒಂದರಲ್ಲಿ ಬ್ಯಾಡಗಿ ಮೆಣಸಿನಪುಡಿ ಬೆರೆಸಿದ ಉಪ್ಪು, ಲೋಟದ ಅಂಚಿಗೆ ಹಚ್ಚಲು. ಬ್ಯಾಡಗಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ, ನಾಲಿಗೆ ಸುಡುವುದಿಲ್ಲ. ಒಂದರಲ್ಲಿ ಕರಾವಳಿಯ ಒಣಗಿದ ಪುನರ್ಪುಳಿ ಸಿಪ್ಪೆ, ನೆನೆಸಿದರೆ ಮಾಣಿಕ್ಯದ ಬಣ್ಣದ ಹುಳಿನೀರು. ಇನ್ನುಳಿದವುಗಳಲ್ಲಿ ಕೊಡಗಿನ ಏಲಕ್ಕಿ, ಕಾಳುಮೆಣಸು, ಚಕ್ರಮೊಗ್ಗು, ಕಪ್ಪುಪ್ಪು, ಒಣಶುಂಠಿ. ಪಕ್ಕಕ್ಕೆ ಒಂದು ಸಣ್ಣ ಸೀಸೆ ಸೊಗದೆಬೇರಿನ ಶರಬತ್ತು ಇಡಿ, ಇಲ್ಲಿನ ಅಂಗಡಿಗಳಲ್ಲಿ ನನ್ನಾರಿ ಎಂದು ಕೇಳಿದರೆ ಸಿಗುತ್ತದೆ. ಕುಡಿಯುವವರು ಬೇಕಾದದ್ದು ಬೆರೆಸಿಕೊಳ್ಳಲಿ. ಕುಡಿಯದವರಿಗೆ, ಕಾರು ಓಡಿಸಿಕೊಂಡು ಮನೆಗೆ ಹೋಗಬೇಕಾದವರಿಗೆ, ಮನೆಯ ಮಕ್ಕಳಿಗೆ ಸೋಡಾ ಬೆರೆಸಿ ಕೊಟ್ಟರೆ ಅವರ ಲೋಟವೂ ಅಷ್ಟೇ ಚೆಂದ ಕಾಣುತ್ತದೆ. ಒಂದೇ ಮೇಜಿನ ಸುತ್ತ ಕೂತವರಲ್ಲಿ ಯಾರಿಗೂ ತಾನು ಹೊರಗಿನವನು ಅನಿಸುವುದಿಲ್ಲ.

ಉಡುಗೊರೆಯನ್ನು ಸುತ್ತುವುದಕ್ಕೆ ಪ್ಲಾಸ್ಟಿಕ್ ಹಾಳೆ ಯಾಕೆ? ಹಳೆಯ ಇಳಕಲ್ ಸೀರೆಯ ಸೆರಗು ಸವೆದಿರಬಹುದು, ಮೈ ಗಟ್ಟಿಯಿರುತ್ತದೆ. ಅದರಿಂದ ಒಂದು ದಾರದ ಚೀಲ ಹೊಲಿಸಿ. ಕೈಗೆ ಸಿಕ್ಕರೆ ಸಂಡೂರಿನ ಲಂಬಾಣಿ ಕಸೂತಿಯ ಪಟ್ಟಿ ಅದಕ್ಕೆ ಕೂರಿಸಿ.

ಈಗ ಪತ್ರ ಬರೆದ ಸೋದರಿಗೆ ನನ್ನ ಉತ್ತರ. ಗೃಹಪ್ರವೇಶಕ್ಕೆ ಬಿದರಿಯ ಟ್ರೇ ಕೊಡಿ. ಅತ್ತೆಯವರು ಅದರಲ್ಲಿ ಅರಿಸಿನ ಕುಂಕುಮದ ಬಟ್ಟಲು ಇಟ್ಟು ನಾಲ್ಕು ಜನರಿಗೆ ತೋರಿಸುತ್ತಾರೆ. ಮೈದುನ ಶನಿವಾರ ಸಂಜೆ ಅದರಲ್ಲೇ ಗಾಜಿನ ಲೋಟ ಜೋಡಿಸುತ್ತಾನೆ. ಇಬ್ಬರಿಗೂ ಅದು ತಮ್ಮದೇ ಅನಿಸುತ್ತದೆ. ಬಿರಡೆಯನ್ನು ಬೇಕಾದರೆ ಅವನ ಹುಟ್ಟುಹಬ್ಬಕ್ಕೆ ಇಟ್ಟುಕೊಳ್ಳಿ.

ಬಿರಡೆಯನ್ನು ನಾನು ಪದೇ ಪದೇ ಹೇಳುವುದಕ್ಕೆ ಕಾರಣವಿದೆ. ಬಾಟಲಿ ತೆರೆಯುವ ಸಾಮಾನನ್ನು ಎಲ್ಲರೂ ಕೊಡುತ್ತಾರೆ, ಮುಚ್ಚುವ ಸಾಮಾನನ್ನು ಕೊಡುವವರು ಕಡಿಮೆ. ಒಳ್ಳೆಯ ಬಿರಡೆ ಕೈಯಳತೆಯಲ್ಲಿದ್ದರೆ “ಉಳಿದದ್ದು ನಾಳೆಗಾಯಿತು” ಎಂದು ಹೇಳುವುದು ಸುಲಭ. ಕುಡಿದು ಗಾಡಿ ಓಡಿಸುವವರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ ಅದು ಅಪರಾಧ. ಆದ್ದರಿಂದ ಮನೆಗೆ ಬಂದ ಗೆಳೆಯರಿಗೆ ಕೊನೆಯಲ್ಲಿ ಕೊಡಬಹುದಾದ ಅತ್ಯಂತ ಸ್ಟೈಲಿನ ಉಡುಗೊರೆ ಅವರ ಗಾಡಿ ಕೀ ತೆಗೆದಿಟ್ಟು ಕ್ಯಾಬ್ ತರಿಸಿ ಕೊಡುವುದೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕುಡಿತ ಕೈಮೀರಿದ್ದರೆ ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಸಹಾಯವಾಣಿ ಇದೆ. ಸಂಖ್ಯೆ 14446, ಕರೆಗೆ ದುಡ್ಡಿಲ್ಲ. ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ನಾಲ್ಕು, ಆರು.

ಕಲಾಯಿಗಾರರು ಈಗಲೂ ಬರುವ ಬೀದಿ, ಅಳತೆ ಹೇಳಿದರೆ ಮಾಡಿಕೊಡುವ ಕುಂಬಾರರ ಓಣಿ, ಮೋಸವಿಲ್ಲದ ಬಿದರಿ ಅಂಗಡಿ, ಇವುಗಳ ವಿಳಾಸ ನಿಮ್ಮಲ್ಲಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಹಂಚೋಣ.